ಇನ್ನೂ ಮಾಡದ ಬಾಗಿಲಿನ ವ್ಯಾಪಾರ: ನಾವು ಇಸ್ತಿಸ್ನಾ ಬರೆಯುವ ರೀತಿ

ಚಿಕ್ಕಮಗಳೂರಿನ ನಮ್ಮ ಬಡಗಿ ಶೆಡ್ಡಿಗೆ ಬಾಗಿಲಿನ ಆರ್ಡರ್ ಬಂದರೆ ಮೊದಲ ಪ್ರಶ್ನೆ, ಮರ ಯಾರದು? ತೋಟದವರು ತಮ್ಮ ಸಿಲ್ವರ್ ಓಕನ್ನೋ ಹಲಸನ್ನೋ ಸಾಮಿಲ್ಲಿನಲ್ಲಿ ಕುಯ್ಸಿ ತಂದರೆ ಇಸ್ಲಾಮೀ ಕಾನೂನಿನಲ್ಲಿ ಅದು ಮಾರಾಟವೇ ಅಲ್ಲ, ಇಜಾರಾ, ಅಂದರೆ ಕೂಲಿ ಕೆಲಸ. ಉಳಿದ ತುಂಡುಗಳೂ ಅವರವೇ. ನಮ್ಮ ಅಜಾಗ್ರತೆಯಿಂದ ಹಲಗೆ ಸೀಳಿದರೆ ನಷ್ಟ ನಾವೇ ಕಟ್ಟಿಕೊಡಬೇಕು. ಮರವೂ ಕೆಲಸವೂ ನಮ್ಮದಾದರೆ ಮಾತ್ರ ಇಸ್ತಿಸ್ನಾ, ಅಂದರೆ ಹೇಳಿ ಮಾಡಿಸುವ ವಸ್ತುವಿನ ಮಾರಾಟ. ಚೌಕಟ್ಟಿಗೆ ಅವರ ಹಲಸು, ಬಾಗಿಲಿಗೆ ನಮ್ಮ ಸಾಗುವಾನಿ ಎಂದಾದರೆ ಎರಡು ಚೀಟಿ ಬರೆಯುತ್ತೇವೆ. ಜಗಳ ಹುಟ್ಟುವುದೇ ಇವೆರಡನ್ನು ಒಂದೇ ಲೆಕ್ಕಕ್ಕೆ ಸೇರಿಸಿದಾಗ.

'ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ' ಎಂಬುದು ಪ್ರವಾದಿ(ಸ)ಯವರ ಮಾತು. ಹಾಗಿದ್ದೂ ಜನ ಮೊದಲಿನಿಂದ ಹೇಳಿ ಮಾಡಿಸಿಕೊಳ್ಳುತ್ತ ಬಂದಿರುವುದರಿಂದ ಹನಫಿ ಪಂಥದ (ಇಸ್ಲಾಮೀ ಕಾನೂನಿನ ಪಂಥಗಳಲ್ಲೊಂದು) ವಿದ್ವಾಂಸರು ಇಸ್ತಿಸ್ನಾಗೆ ವಿನಾಯಿತಿ ಕೊಟ್ಟರು. ವಸ್ತು ಕಣ್ಣೆದುರು ಇಲ್ಲದ್ದರಿಂದ ಬರಹವೇ ಅದರ ಜಾಗದಲ್ಲಿ ನಿಲ್ಲಬೇಕು. ಬರೀ 'ಸಾಗುವಾನಿ ಬಾಗಿಲು' ಎಂದರೆ ಸಾಲದು. ನಮ್ಮ ಚೀಟಿಯಲ್ಲಿ ಹೀಗಿರುತ್ತದೆ: 7 ಅಡಿ × 3 ಅಡಿ, ಚೌಕಟ್ಟು 5 × 3 ಇಂಚು, ಬಾಗಿಲಿನ ದಪ್ಪ ಒಂದೂಕಾಲು ಇಂಚು, ಚೇಗು ಮಾತ್ರ, ಬಿಳಿ ಭಾಗ ಬೇಡ, ಕೀಲು ಎಷ್ಟು, ಪಾಲಿಶ್ ಯಾರದು. ಹೀಗೆ ಬರೆದು ಅದರಂತೆಯೇ ಮಾಡಿದ ಮೇಲೆ ಗಿರಾಕಿ 'ಬೇಡ' ಅನ್ನುವಂತಿಲ್ಲ. ಇದು ಹನಫಿ ಪಂಥದ ಇಮಾಂ ಅಬೂ ಯೂಸುಫರ ಅಭಿಪ್ರಾಯ; ಒಟ್ಟೋಮನ್ನರ ನಾಗರಿಕ ಕಾನೂನು ಸಂಹಿತೆ ಮಜಲ್ಲಾದ 392ನೇ ಕಲಮೂ ಇದನ್ನೇ ಹಿಡಿಯಿತು. ಮರ ಕುಯ್ದು ಕೂತ ಬಡಗಿಗೆ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಹಣ ಪೂರ್ತಿ ಮುಂಗಡ, ಕಂತು, ಕೊನೆಗೆ, ಹೇಗೆ ಕೊಟ್ಟರೂ ಸರಿ. ಆದರೆ 'ಕಾಫಿ ಕೊಯ್ಲು ಮುಗಿದ ಮೇಲೆ' ಎಂದು ಬರೆಯಬಾರದು. ಅರೇಬಿಕಾ ಜನವರಿಗೆ ಮುಗಿದರೂ ರೊಬಸ್ಟಾ ಮಾರ್ಚಿನವರೆಗೂ ಎಳೆಯಬಹುದು, ಹನಫಿಗಳಲ್ಲಿ ಇಂಥ ಗಡುವು ಊರ್ಜಿತವಲ್ಲ. ತಾರೀಕನ್ನೇ ಹಾಕಿಸಿ. ಕಂತು ತಡವಾದರೆ ದಂಡ ಹಾಕುವಂತಿಲ್ಲ, ಅದು ಬಡ್ಡಿ. ನಾವು ತಡ ಮಾಡಿದರೆ ಬೆಲೆಯಲ್ಲಿ ಇಂತಿಷ್ಟು ಇಳಿಸುವುದೆಂಬ ಷರತ್ತು ಮಾತ್ರ ನಡೆಯುತ್ತದೆ. 1992ರಲ್ಲಿ ಜಿದ್ದಾದ ಫಿಕ್ಹ್ (ಇಸ್ಲಾಮೀ ಕಾನೂನು) ಅಕಾಡೆಮಿ ಇದನ್ನು ಒಪ್ಪಿದೆ. ಕೈಮೀರಿದ ಕಾರಣಕ್ಕೆ ತಡವಾದರೆ ಅದು ಅನ್ವಯಿಸದು.

ಶಾಫಿ ಮದ್‌ಹಬಿನ, ಅಂದರೆ ಶಾಫಿ ಪಂಥದ, ಬ್ಯಾರಿ ಗಿರಾಕಿಗಳ ವಿಷಯ ಬೇರೆ. ಅವರಲ್ಲಿ ಹೇಳಿ ಮಾಡಿಸುವುದು ಸಲಮ್‌ನ (ಪೂರ್ತಿ ಹಣ ಮೊದಲೇ ಕೊಟ್ಟು ವಸ್ತು ಆಮೇಲೆ ಪಡೆಯುವ ವ್ಯಾಪಾರ) ನಿಯಮದೊಳಗೇ ಬರಬೇಕು, ಹಾಗಾಗಿ ಮಾತುಕತೆಯ ಜಾಗದಲ್ಲೇ ಪೂರ್ತಿ ಹಣ ಎಣಿಸುತ್ತಾರೆ.

ಮಳೆಗಾಲದ ಗಡುವನ್ನು ನಾವು ಒಪ್ಪುವುದೇ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಲಗೆ ಒಣಗುವುದಿಲ್ಲ. ಹಸಿಮರದಲ್ಲಿ ಕೂರಿಸಿದ ಬಾಗಿಲು ಬೇಸಿಗೆಗೆ ಕುಗ್ಗಿ ಸಂದಿ ಬಿಡುತ್ತದೆ. ಆಗ ಚೀಟಿಯಲ್ಲಿ ಬರೆದ ಅಳತೆ ಇರುವುದಿಲ್ಲ, ಬಾಗಿಲು ವಾಪಸ್ ಕೊಡುವ ಹಕ್ಕು ಗಿರಾಕಿಗೆ ಬರುತ್ತದೆ.