‘ಯಾಕೆ ಸರ್?’ ಅಂತ ಮಕ್ಕಳು ಕೇಳುವವರೆಗೆ

ಕರಾಟೆ ಕ್ಲಾಸಿಗೆ ಹೊಸದಾಗಿ ಸೇರುವ ಮಕ್ಕಳಿಗೆ ಮೊದಲ ಕೆಲವು ವಾರ ತುಂಬಾ ಬೇಜಾರು. ಹಾರಿ ಒದೆಯೋದು, ಹಂಚು ಒಡೆಯೋದು ಇರುತ್ತೆ ಅಂತ ಬಂದಿರುತ್ತಾರೆ. ಇಲ್ಲಿ ನೋಡಿದರೆ ಮಂಡಿ ಬಗ್ಗಿಸಿ ನಿಂತು ಅದೇ ಕೈ, ಅದೇ ತಡೆ, ಮತ್ತೆ ಮತ್ತೆ. ಬಿಟ್ಟು ಹೋಗುವವರು ಜಾಸ್ತಿ ಈ ಹಂತದಲ್ಲೇ. ನನಗೆ ಇದಕ್ಕೊಂದು ದಾರಿ ಸಿಕ್ಕಿದ್ದು 1984ರ ‘ದಿ ಕರಾಟೆ ಕಿಡ್’ ಸಿನಿಮಾದಲ್ಲಿ. ಅದನ್ನು ಕ್ಲಾಸಿಗೆ ಹೇಗೆ ಇಳಿಸಿದೆ ಅಂತ ಬರೆಯುತ್ತೇನೆ, ಬೇರೆ ಮಾಸ್ಟರ್‌ಗಳಿಗೂ ಉಪಯೋಗಕ್ಕೆ ಬರಬಹುದು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಡೇನಿಯಲ್ ಅನ್ನೋ ಹುಡುಗ ಅಮ್ಮನ ಜೊತೆ ನ್ಯೂಜೆರ್ಸಿ ಬಿಟ್ಟು ಲಾಸ್ ಏಂಜಲೀಸ್‌ನ ರಿಸೀಡಾಕ್ಕೆ ಬರುತ್ತಾನೆ. ಅಲ್ಲಿ ‘ಕೋಬ್ರಾ ಕಾಯ್’ ಅನ್ನೋ ದೋಜೋದ, ಅಂದರೆ ಕರಾಟೆ ಶಾಲೆಯ, ಹುಡುಗರು ಅವನನ್ನು ಅಟ್ಟಾಡಿಸಿ ಹೊಡೆಯುತ್ತಾರೆ. ಅಪಾರ್ಟ್‌ಮೆಂಟಿನ ನಲ್ಲಿ ಪಲ್ಲಿ ರಿಪೇರಿ ಮಾಡುವ ಮಿಯಾಗಿ, ಒಕಿನಾವಾ ದ್ವೀಪದಿಂದ ಬಂದ ವಯಸ್ಸಾದ ಮನುಷ್ಯ, ಕಲಿಸಲು ಒಪ್ಪುತ್ತಾನೆ. ಆದರೆ ಒಂದು ಷರತ್ತು: ಹೇಳಿದ್ದು ಮಾಡಬೇಕು, ಪ್ರಶ್ನೆ ಕೇಳಬಾರದು. ಆಮೇಲೆ ಶುರು. ಕಾರುಗಳಿಗೆ ವ್ಯಾಕ್ಸ್ ಹಾಕಿ ಉಜ್ಜು. ಮರದ ನೆಲಕ್ಕೆ ಮರಳು ಕಾಗದ ತಿಕ್ಕು. ಬೇಲಿಗೆ ಬಣ್ಣ ಹೊಡಿ. ಮನೆಗೆ ಬಣ್ಣ ಹೊಡಿ. ಹುಡುಗ ಕೊನೆಗೆ ರೇಗುತ್ತಾನೆ. ನನ್ನನ್ನು ಆಳು ಮಾಡಿಕೊಂಡಿದ್ದೀಯಾ ಅಂತ ಕೂಗಾಡುತ್ತಾನೆ. ಆಗ ಮಿಯಾಗಿ ಒಂದೊಂದೇ ಕೆಲಸದ ಕೈ ತೋರಿಸು ಅಂತಾನೆ, ತೋರಿಸುವಾಗ ಗುದ್ದು ಬಿಡುತ್ತಾನೆ. ಪ್ರತಿ ಗುದ್ದೂ ತಡೆಯಾಗುತ್ತದೆ. ಹುಡುಗನ ಮುಖ ನೋಡಬೇಕು ಆಗ!

ನಾನು ಸಿನಿಮಾ ಮೊದಲು ತೋರಿಸುವುದಿಲ್ಲ. ತೋರಿಸಿದರೆ ಗುಟ್ಟು ಹೋಯಿತು. ದೋಜೋ ಶುಚಿ ಮಾಡುವುದು ಹೇಗೂ ಕರಾಟೆಯ ಹಳೇ ಪದ್ಧತಿ. ಕ್ಲಾಸ್ ಶುರುವಾಗುವ ಮುಂಚೆ ಮ್ಯಾಟ್ ಒರೆಸಲು ಹೇಳುತ್ತೇನೆ. ಆದರೆ ಕೈ ಹೇಗೆ ತಿರುಗಬೇಕು ಅನ್ನುವುದು ನನ್ನ ಲೆಕ್ಕ. ಬಲಗೈ ಒಳಗಿಂದ ಹೊರಗೆ ಸುತ್ತು, ಎಡಗೈ ಅದರ ಎದುರು ಸುತ್ತು. ಆಮೇಲೆ ಸುಣ್ಣ ಹೊಡೆಯುವ ಬ್ರಷ್ ಕೊಟ್ಟು, ಬಕೆಟ್ ನೀರಿನಲ್ಲಿ ಅದ್ದಿ ಕಾಂಪೌಂಡ್ ಗೋಡೆಗೆ ಬರೀ ನೀರು ಬಳಿಸುತ್ತೇನೆ. ಮೇಲೆ ಹೋಗುವಾಗ ಮಣಿಕಟ್ಟು ಬಗ್ಗಬೇಕು, ಕೆಳಗೆ ಬರುವಾಗ ಎತ್ತಬೇಕು. ಬಿಸಿಲಿಗೆ ನೀರು ಆರಿಹೋಗುತ್ತೆ, ಮತ್ತೆ ಬಳಿ. ಮೊದಲ ಸಲ ಒಬ್ಬ ಹುಡುಗನ ಅಜ್ಜಿ ಗೇಟಿನ ಹತ್ತಿರ ನಿಂತು, “ಇದಕ್ಕೆ ಫೀಸ್ ಬೇರೆ ತಗೋತೀರಾ ಮೇಷ್ಟ್ರೇ?” ಅಂದರು. ನ್ಯಾಯವಾದ ಪ್ರಶ್ನೆಯೇ.

ಇಲ್ಲಿ ಸಿನಿಮಾಕ್ಕೂ ನಿಜಕ್ಕೂ ಇರುವ ವ್ಯತ್ಯಾಸ ಹೇಳಬೇಕು. ಬರೀ ಗೋಡೆಗೆ ನೀರು ಬಳಿದರೆ ತಡೆ ಬರುವುದಿಲ್ಲ. ಕೈಗೆ ದಾರಿ ಗೊತ್ತಾಗುತ್ತೆ, ಭುಜಕ್ಕೆ ಬಲ ಬರುತ್ತೆ, ಅಷ್ಟೇ. ಎದುರಿನಿಂದ ಗುದ್ದು ಬರುವಾಗ ಕಣ್ಣು ಮುಚ್ಚದೆ, ಸರಿಯಾದ ಹೊತ್ತಿಗೆ ಕೈ ಎತ್ತುವುದು ಬೇರೆಯದೇ ವಿದ್ಯೆ. ಅದು ಜೊತೆಗಾರ ಇಲ್ಲದೆ ಬರಲ್ಲ. ಆದ್ದರಿಂದ ನಾನು ನಿಧಾನವಾದ ಗುದ್ದಿನಿಂದ ಶುರು ಮಾಡುತ್ತೇನೆ. ನೆಲ ತಿಕ್ಕುವ ಕೈ ಕೆಳಗಿನ ತಡೆ, ಗೆದಾನ್ ಬರಾಯ್‌ಗೆ ಹತ್ತಿರ. ಕಾರು ಉಜ್ಜುವ ಕೈಗೆ ಗೋಜು-ರ್ಯು ಶೈಲಿಯ ಸುತ್ತು ತಡೆ, ಮವಾಶಿ ಉಕೆ ಹತ್ತಿರದ ನೆಂಟ. ಕಾಕತಾಳೀಯ ಅಲ್ಲ ಇದು. ಚಿತ್ರಕಥೆ ಬರೆದ ರಾಬರ್ಟ್ ಮಾರ್ಕ್ ಕೇಮನ್ ಸ್ವತಃ ಗೋಜು-ರ್ಯು ಕಲಿತವರು. ಮಿಯಾಗಿ ಅನ್ನೋ ಹೆಸರೂ ಆ ಶೈಲಿ ಕಟ್ಟಿದ ಒಕಿನಾವಾದ ಚೋಜುನ್ ಮಿಯಾಗಿ ಅವರದ್ದು.

ಇನ್ನೊಂದು ಮುಖ್ಯ ವಿಷಯ, ಎಷ್ಟು ದಿನ ಗುಟ್ಟು ಇಟ್ಟುಕೊಳ್ಳಬೇಕು ಅನ್ನುವುದು. ಮಿಯಾಗಿ ಕೆಲವೇ ದಿನ ಇಟ್ಟುಕೊಳ್ಳುತ್ತಾನೆ. ಹುಡುಗ ರೇಗಿದ ರಾತ್ರಿಯೇ ಉತ್ತರ ಕೊಡುತ್ತಾನೆ. ನಾನು ಹಿಡಿದುಕೊಂಡಿದ್ದು ಇದನ್ನೇ. ಗೋಡೆ ಮುಂದೆ ನಿಂತ ಮಗು “ಯಾಕೆ ಸರ್ ಇದು?” ಅಂತ ಸಿಟ್ಟಿನಲ್ಲಿ ಕೇಳಿದ ದಿನವೇ ಬ್ರಷ್ ಕೆಳಗಿಡಿಸಿ ಎದುರು ನಿಲ್ಲಿಸುತ್ತೇನೆ. ಅದಕ್ಕಿಂತ ಮುಂಚೆ ಹೇಳಿದರೆ ಸುಮ್ನೆ ಪಾಠ. ಅದಕ್ಕಿಂತ ತಡ ಮಾಡಿದರೆ ಮಗು ಮುಂದಿನ ವಾರ ಬರಲ್ಲ. ಸಿನಿಮಾದ ಆಕರ್ಷಣೆ ಇರುವುದೂ ಈ ಅಂತರದಲ್ಲೇ ಅಂತ ನನ್ನ ಅನಿಸಿಕೆ. ನೋಡುವವರಿಗೂ ಡೇನಿಯಲ್ ಜೊತೆಗೇ ಬೇಜಾರು ಬಂದಿರುತ್ತೆ, ಅವನ ಜೊತೆಗೇ ಕಣ್ಣು ತೆರೆಯುತ್ತೆ. ನಿರ್ದೇಶಕ ಜಾನ್ ಆವಿಲ್ಡ್‌ಸನ್ 1976ರಲ್ಲಿ ‘ರಾಕಿ’ ಮಾಡಿದವರು. ಸೋಲುವವನ ಪಕ್ಕ ಪ್ರೇಕ್ಷಕರನ್ನು ಹೇಗೆ ನಿಲ್ಲಿಸಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಇದಾದ ಮೇಲೆ ಸಿನಿಮಾ. ಪ್ರೊಜೆಕ್ಟರ್, ಬಿಳಿ ಪಂಚೆ, ಮಂಡಕ್ಕಿ. ಎರಡು ಗಂಟೆ ದಾಟುತ್ತೆ, ಆದ್ದರಿಂದ ಎರಡು ಭಾಗ ಮಾಡುತ್ತೇನೆ. ಡೇನಿಯಲ್ ಕೊನೆಗೆ ಕೋಬ್ರಾ ಕಾಯ್ ಹುಡುಗರ ಎದುರು ಆಡುವ ಪಂದ್ಯದ ಭಾಗ ಮುಂದಿನ ವಾರಕ್ಕೆ. ಗೊಣಗುತ್ತಾರೆ, ಗೊಣಗಲಿ.

ನೋಡಿದ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಮಿಯಾಗಿ ‘ಪ್ರಶ್ನೆ ಕೇಳಬೇಡ’ ಅಂದ. ಕೋಬ್ರಾ ಕಾಯ್‌ನ ಗುರು ಕ್ರೀಸ್ ಕೂಡ ಹುಡುಗರಿಂದ ಎದುರು ಮಾತಾಡದ ವಿಧೇಯತೆಯನ್ನೇ ಕೇಳುತ್ತಾನೆ. ಹಾಗಾದರೆ ಒಬ್ಬ ಒಳ್ಳೆಯ ಗುರು, ಇನ್ನೊಬ್ಬ ಕೆಟ್ಟವನು ಹೇಗೆ? ಮೊದಲು ಎಲ್ಲರೂ “ಅವನು ವಿಲನ್ ಸರ್” ಅಂತಾರೆ. ಸ್ವಲ್ಪ ಬಿಟ್ಟರೆ ಮಾತು ಬೆಳೆಯುತ್ತೆ. ಸೆಮಿಫೈನಲ್‌ನಲ್ಲಿ ಕ್ರೀಸ್ ತನ್ನ ಶಿಷ್ಯ ಬಾಬಿಗೆ ಡೇನಿಯಲ್ ಮುಂದೆ ಆಡಲಾಗದಂತೆ ಮಾಡು ಅಂತ ಹೇಳುತ್ತಾನೆ. ಬಾಬಿ ಹಿಂಜರಿಯುತ್ತಾನೆ. ಫೈನಲ್‌ನಲ್ಲಿ ಡೇನಿಯಲ್‌ನ ಎದುರಾಳಿ, ಕ್ರೀಸ್‌ನ ಇನ್ನೊಬ್ಬ ಶಿಷ್ಯ ಜಾನಿಯ ಮುಖದಲ್ಲೂ ಅದೇ ಅಳುಕು. ಕ್ರೀಸ್ ಕೇಳಿಸಿಕೊಳ್ಳುವುದೇ ಇಲ್ಲ. ಮಿಯಾಗಿ ಹುಡುಗನ ಸಿಟ್ಟಿಗೆ ಕಿವಿ ಕೊಟ್ಟ. ಒಬ್ಬಳು ಹುಡುಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. ಇಬ್ಬರೂ ಸೈನಿಕರೇ ಅಲ್ವಾ ಸರ್, ಕ್ರೀಸ್ ತನ್ನ ಫೋಟೋ ಗೋಡೆಗೆ ಹಾಕಿಕೊಂಡಿದ್ದಾನೆ, ಮಿಯಾಗಿ ಪದಕ ಮುಚ್ಚಿಟ್ಟಿದ್ದಾನೆ ಅಂದಳು. ಈ ಮಾತು ನಾನು ಹೇಳಿಕೊಟ್ಟಿದ್ದಲ್ಲ.

ಪದಕದ ದೃಶ್ಯ ದೊಡ್ಡ ಮಕ್ಕಳಿಗೆ ಮಾತ್ರ ಬಿಡಿಸಿ ಹೇಳುತ್ತೇನೆ. ಮಿಯಾಗಿ ಕುಡಿದು ಹೆಂಡತಿಯ ನೆನಪಲ್ಲಿ ಕೂತಿರುತ್ತಾನೆ. ಎರಡನೇ ಮಹಾಯುದ್ಧದಲ್ಲಿ ಅವನು ಅಮೆರಿಕದ ಪರ ಯುರೋಪಿನಲ್ಲಿ ಹೋರಾಡುತ್ತಿದ್ದಾಗ, ಅದೇ ಅಮೆರಿಕ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಮಾಂಜನಾರ್ ಶಿಬಿರದಲ್ಲಿ ಅವನ ಹೆಂಡತಿ, ಮಗು ಹೆರಿಗೆಯಲ್ಲಿ ತೀರಿಕೊಂಡಿರುತ್ತಾರೆ. ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಅವರಿಗೆ ಇದು ಪರರ ಕಥೆ ಅಲ್ಲ. ಬೆನ್ನುಮೂಳೆಯ ಕ್ಷಯದಿಂದ ಬಾಲ್ಯದ ಬಹುಭಾಗ ಆಸ್ಪತ್ರೆಯಲ್ಲಿ ಕಳೆದು, ಅಲ್ಲಿಂದ ಅವರೂ ಅಂಥದ್ದೇ ಶಿಬಿರಕ್ಕೆ ಹೋದವರು. ಈ ಸಿನಿಮಾದವರೆಗೆ ಹಾಸ್ಯನಟ ಅಂತಲೇ ಹೆಸರು. ಈ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಅಂದಹಾಗೆ, ಅವರು ಕರಾಟೆ ಪಟು ಅಲ್ಲ. ಹೊಡೆದಾಟದಲ್ಲಿ ಅವರ ಬದಲಿಗೆ ನಿಂತವರು ಫುಮಿಯೋ ಡೆಮುರಾ ಅನ್ನೋ ದೊಡ್ಡ ಕರಾಟೆ ಗುರು.

ಇನ್ನು ಡೇನಿಯಲ್ ಫೈನಲ್ ಗೆಲ್ಲುವ ಆ ಕೊಕ್ಕರೆ ಒದೆತ. ಎರಡು ಕೈ ರೆಕ್ಕೆಯಂತೆ ಎತ್ತಿ, ಒಂಟಿ ಕಾಲಲ್ಲಿ ನಿಂತು, ನಿಂತ ಕಾಲಿನಿಂದಲೇ ಹಾರಿ ಒದೆಯುವುದು. ಸಿನಿಮಾ ಮುಗಿದ ಮರುಕ್ಷಣ ಇಡೀ ಹಾಲ್ ತುಂಬ ಕೊಕ್ಕರೆಗಳು! ಬೇಡ ಅಂದರೆ ಮನೆಯಲ್ಲಿ ತಮ್ಮನ ಮೇಲೆ ಮಾಡುತ್ತಾರೆ. ಅದಕ್ಕೇ ನಾನೇ ಪ್ಯಾಡ್ ಹಿಡಿದು ಮಾಡಿಸುತ್ತೇನೆ. ಆಮೇಲೆ ಎದುರಾಳಿಯಾಗಿ ನಿಂತು ತೋರಿಸುತ್ತೇನೆ: ಏನು ಮಾಡ್ತೀಯ ಅಂತ ನೀನು ಮೊದಲೇ ಹೇಳಿಬಿಟ್ಟೆ, ನಾನು ಒಂದು ಹೆಜ್ಜೆ ಹಿಂದೆ ಸರಿದರೆ ಮುಗೀತು. ಜಾನಿ ನೇರ ನುಗ್ಗಿದ್ದರಿಂದ ಕೆಲಸ ಮಾಡಿತು. ಇವತ್ತಿನ ಕುಮಿತೆ (ಎದುರಾಳಿ ಜೊತೆಗಿನ ಸೆಣಸಾಟ) ನಿಯಮದಲ್ಲಿ ತಲೆಗೆ ಹತೋಟಿಯಿಂದ ಮುಟ್ಟಿಸಿದ ಒದೆತಕ್ಕೆ 3 ಅಂಕ ಉಂಟು. ಆದರೆ ಡೇನಿಯಲ್ ಕೆಡವಿದ ಹಾಗೆ ಕೆಡವಿದರೆ ಅಂಕದ ಬದಲು ದಂಡ.

ಹೆತ್ತವರಿಗೂ ಒಂದು ದೃಶ್ಯ ಇಟ್ಟಿದ್ದೇನೆ. “ಬ್ಲ್ಯಾಕ್ ಬೆಲ್ಟ್ ಯಾವಾಗ ಸರ್?” ಅಂತ ಕೇಳುವವರು ಜಾಸ್ತಿ. ಯಾವ ಬೆಲ್ಟ್ ನಿನ್ನದು ಅಂತ ಡೇನಿಯಲ್ ಕೇಳಿದಾಗ, ಮಿಯಾಗಿ ಅಂಗಡಿಯಲ್ಲಿ ಕೊಂಡ ಪ್ಯಾಂಟಿನ ಬೆಲ್ಟ್ ತೋರಿಸಿ ಬೆಲೆ ಹೇಳುತ್ತಾನೆ. ಪಂದ್ಯಕ್ಕೆ ಬ್ಲ್ಯಾಕ್ ಬೆಲ್ಟ್ ಬೇಕೇ ಬೇಕು ಅಂದಾಗ ಯಾರದ್ದೋ ಚೀಲದಿಂದ ಒಂದು ಎತ್ತಿಕೊಂಡು ಬರುತ್ತಾನೆ. ಹೆತ್ತವರು ನಗುತ್ತಾರೆ, ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆಯ ದಿನಾಂಕ ಮಾತ್ರ ಮತ್ತೆ ಕೇಳುತ್ತಾರೆ.

ಒಕಿನಾವಾ ನಿಜವಾದ ಊರಾ ಅಂತ ಚಿಕ್ಕವರು ಕೇಳುವುದುಂಟು. ಅದಕ್ಕೆ ಸಿನಿಮಾದ ಬೆನ್ನಿಗೇ ರ್ಯೋ ಕಿಯುನಾ ಅವರ ಕತಾ (ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆ) ವಿಡಿಯೋ ಹಾಕುತ್ತೇನೆ. ಒಕಿನಾವಾದವರೇ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕತಾ ಚಿನ್ನ ಗೆದ್ದವರು. 2010ರಲ್ಲಿ ಜಾಕಿ ಚಾನ್ ಇರುವ ಹೊಸ ‘ಕರಾಟೆ ಕಿಡ್’ ಬಂತು. ಕಥೆ ಬೀಜಿಂಗ್‌ನಲ್ಲಿ, ಅಲ್ಲಿ ಜಾಕೆಟ್ ತೆಗೆದು ಹಾಕಿಸುತ್ತಲೇ ಪಾಠ. ಚೆನ್ನಾಗಿದೆ, ಆದರೆ ಮನೆಯಲ್ಲೇ ನೋಡಿ ಅಂತೀನಿ. ಅದರಲ್ಲಿ ಹುಡುಗ ಕಲಿಯುವುದು ಕುಂಗ್ ಫು. ನೋಡಿಬಂದವರು ಮೊದಲು ಕೇಳುವುದೂ ಅದನ್ನೇ: “ಕರಾಟೆ ಎಲ್ಲಿ ಸರ್?”