ಮೇಸ್ತ್ರಿ ಬರುವ ಮೊದಲೇ ಮನೆ ಕಟ್ಟಿ ನೋಡಿ

ನಮ್ಮ ಮನೆಯ ಅಡುಗೆಮನೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಮುಕ್ಕಾಲು ತೆರೆಯುವಷ್ಟರಲ್ಲಿ ಫ್ರಿಜ್‌ಗೆ ಬಡಿಯುತ್ತದೆ. ಪ್ಲಾನ್ ಹಾಳೆಯಲ್ಲಿ ಬಾಗಿಲೂ ಇತ್ತು, ಫ್ರಿಜ್ ಇಡುವ ಜಾಗವೂ ಇತ್ತು. ನಾಲ್ಕು ಜನ ಕೂತು ನೋಡಿ ತಲೆ ಆಡಿಸಿದ್ದೆವು. ಒಬ್ಬರಿಗೂ ಹೊಳೆಯಲಿಲ್ಲ. ಗೆರೆ ನೋಡಿ ಮನೆ ಕಲ್ಪಿಸಿಕೊಳ್ಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ಅಲ್ವಾ?

ಆ ಬಾಗಿಲಿನ ಸಿಟ್ಟಿಗೇ ನಾನು ಸ್ಕೆಚ್‌ಅಪ್ ಕಲಿತದ್ದು. ಇದು ಕಂಪ್ಯೂಟರಿನಲ್ಲಿ ಮನೆಯ 3ಡಿ ಮಾದರಿ ಕಟ್ಟಿ ನೋಡುವ ತಂತ್ರಾಂಶ, 2000ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಹುಟ್ಟಿದ್ದು. 2006ರಲ್ಲಿ ಗೂಗಲ್ ಕೊಂಡುಕೊಂಡಿತು, 2012ರಲ್ಲಿ ಟ್ರಿಂಬಲ್ ಕಂಪನಿಯ ಕೈಗೆ ಹೋಯಿತು. ಸ್ವಂತ ಬಳಕೆಗೆ ಬ್ರೌಸರ್‌ನಲ್ಲೇ ನಡೆಯುವ ಉಚಿತ ಆವೃತ್ತಿ ಇದೆ. ಆರ್ಕಿಟೆಕ್ಟ್‌ಗಳ ಆಫೀಸಿನಲ್ಲಿ ರೆವಿಟ್, ಆರ್ಕಿಕ್ಯಾಡ್ ಕೂಡ ಕಾಣಸಿಗುತ್ತವೆ. ಆ ತಂತ್ರಾಂಶಗಳಲ್ಲಿ ಗೋಡೆಗೆ ತಾನು ಗೋಡೆ ಅಂತ ಗೊತ್ತಿರುತ್ತದೆ. ಸ್ಕೆಚ್‌ಅಪ್‌ಗೆ ಗೋಡೆಯೂ ಒಂದೇ, ಬೆಂಕಿಪೊಟ್ಟಣವೂ ಒಂದೇ. ಆದರೆ ಹೊಸಬರಿಗೆ ಅದೇ ಸುಲಭ.

ಮೊದಲು ಒಂದು ಮಾತು. ಗಾಲಿ ಇರುವ ಮೌಸ್ ತಂದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಪ್ಯಾಡ್ ಮೇಲೆ ಬೆರಳು ಸವೆಸಿ ಈ ಕೆಲಸ ಮಾಡಲು ಹೋದರೆ ಎರಡೇ ದಿನಕ್ಕೆ ಸಾಕಾಗಿಬಿಡುತ್ತದೆ. ಗಾಲಿ ಉರುಳಿಸಿದರೆ ಚಿತ್ರ ಹತ್ತಿರ, ದೂರ. ಗಾಲಿ ಒತ್ತಿ ಹಿಡಿದು ಎಳೆದರೆ ಮನೆಯ ಸುತ್ತ ತಿರುಗಬಹುದು. ಜೊತೆಗೆ ಶಿಫ್ಟ್ ಒತ್ತಿದರೆ ಚಿತ್ರ ಪಕ್ಕಕ್ಕೆ ಜರುಗುತ್ತದೆ. ಹತ್ತು ನಿಮಿಷ ಸುಮ್ನೆ ಇದನ್ನೇ ಮಾಡಿ.

ಸೈಟು ಮತ್ತು ಪಾಯ

ಕಲಿಯಲು ನಮಗೆಲ್ಲ ಗೊತ್ತಿರುವ 30×40 ಸೈಟನ್ನೇ ತೆಗೆದುಕೊಳ್ಳೋಣ. ಮೇಸ್ತ್ರಿ ಯಾವ ಕ್ರಮದಲ್ಲಿ ಕಟ್ಟುತ್ತಾರೋ ಅದೇ ಕ್ರಮದಲ್ಲಿ ನಾವೂ ಕಟ್ಟೋಣ.

ಹೊಸ ಫೈಲ್ ತೆರೆಯುವಾಗ ಅಡಿ-ಇಂಚಿನ ಟೆಂಪ್ಲೇಟ್ ಆರಿಸಿ. ತೆರೆಯ ಮೇಲೆ ಕೆಂಪು, ಹಸಿರು, ನೀಲಿ ಗೆರೆಗಳು ಕಾಣುತ್ತವೆ. ನೀಲಿ ಮೇಲಕ್ಕೆ. ಹಸಿರು ಗೆರೆ ಉತ್ತರ ದಿಕ್ಕು. ಇದನ್ನು ನೆನಪಿಡಿ, ಬಿಸಿಲಿನ ಲೆಕ್ಕಕ್ಕೆ ಬೇಕಾಗುತ್ತದೆ.

ಆರ್ ಕೀಲಿ ಒತ್ತಿದರೆ ಆಯತ ಬರೆಯುವ ಸಾಧನ ಬರುತ್ತದೆ. ಮೂರೂ ಗೆರೆ ಸೇರುವಲ್ಲಿ ಕ್ಲಿಕ್ ಮಾಡಿ, ಮೌಸ್ ಸ್ವಲ್ಪ ಸರಿಸಿ. ಆಮೇಲೆ ಎಲ್ಲಿಯೂ ಕ್ಲಿಕ್ ಮಾಡದೆ ನೇರವಾಗಿ 30',40' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಅಡಿಯ ಗುರುತು ಮರೆಯಬೇಡಿ. ಗುರುತಿಲ್ಲದ ಅಂಕಿಯನ್ನು ತಂತ್ರಾಂಶ ಇಂಚು ಎಂದೇ ಓದುತ್ತದೆ. ನನ್ನ ಮೊದಲ ಸೈಟು ಒಂದು ಟೀಪಾಯಿಯಷ್ಟಿತ್ತು! ಉದ್ದ ಅಗಲ ಅದಲು ಬದಲಾದರೆ ಗಾಬರಿ ಬೇಡ. ಬೇರೆ ಏನನ್ನೂ ಮುಟ್ಟದೆ 40',30' ಅಂತ ಮತ್ತೆ ಟೈಪ್ ಮಾಡಿದರೆ ಸರಿಹೋಗುತ್ತದೆ.

ಸುತ್ತಲೂ 3 ಅಡಿ ಬಿಡುತ್ತೇವೆ ಅಂದುಕೊಳ್ಳಿ. ನಿಜವಾಗಿ ಎಷ್ಟು ಬಿಡಬೇಕು ಎಂಬುದು ನಿಮ್ಮ ಊರಿನ ನಿಯಮಕ್ಕೆ ಬಿಟ್ಟದ್ದು, ವಿಚಾರಿಸಿಕೊಳ್ಳಿ. ಎಫ್ ಒತ್ತಿ, ಆಯತದ ಅಂಚು ಹಿಡಿದು ಒಳಗೆ ಸರಿಸಿ 3' ಕೊಡಿ. ಒಳಗೊಂದು 24×34 ಅಡಿಯ ಆಯತ ಮೂಡುತ್ತದೆ. ಈಗ ಪಿ ಒತ್ತಿ. ಇದು ಪುಶ್-ಪುಲ್, ಸ್ಕೆಚ್‌ಅಪ್‌ನ ಜೀವ. ಒಳಗಿನ ಆಯತವನ್ನು ಮೇಲಕ್ಕೆಳೆದು 2' ಕೊಟ್ಟರೆ ಪಾಯ ಎದ್ದಿತು.

ಒಣಗದ ಸಿಮೆಂಟು

ಹೊಸಬರಲ್ಲಿ ಮುಕ್ಕಾಲುವಾಸಿ ಜನ ಕೈಚೆಲ್ಲುವುದು ಇಲ್ಲೇ. ಸ್ಕೆಚ್‌ಅಪ್‌ನಲ್ಲಿ ಬರೆದದ್ದೆಲ್ಲ ಹಸಿ ಸಿಮೆಂಟಿನ ಹಾಗೆ. ಒಂದಕ್ಕೊಂದು ತಗುಲಿದರೆ ಅಂಟಿಕೊಂಡೇ ಬಿಡುತ್ತದೆ. ಮುಂದೆ ಒಂದು ಗೋಡೆ ಸರಿಸಲು ಹೋದರೆ ಪಾಯವೂ ರಬ್ಬರಿನಂತೆ ಎಳೆದುಕೊಂಡು ಬರುತ್ತದೆ. ಅದನ್ನು ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡುತ್ತದೆ. ನಾನು ಹೀಗೆ ಮೂರು ಮನೆ ಕೆಡವಿದ್ದೇನೆ.

ಇದಕ್ಕೆ ಮದ್ದು ಗ್ರೂಪ್. ಪಾಯದ ಮೇಲೆ ಮೂರು ಸಲ ಪಟಪಟ ಕ್ಲಿಕ್ ಮಾಡಿ. ತಗುಲಿಕೊಂಡಿರುವುದೆಲ್ಲ ಒಟ್ಟಿಗೆ ಆಯ್ಕೆಯಾಗುತ್ತದೆ. ಬಲ ಕ್ಲಿಕ್ ಮಾಡಿ ಮೇಕ್ ಗ್ರೂಪ್ ಆರಿಸಿ. ಸಿಮೆಂಟು ಒಣಗಿತು, ಇನ್ನು ಅದಕ್ಕೆ ಯಾವುದೂ ಅಂಟುವುದಿಲ್ಲ. ಮತ್ತೆ ತಿದ್ದಬೇಕಾದರೆ ಎರಡು ಸಲ ಕ್ಲಿಕ್ ಮಾಡಿ ಒಳಗೆ ಹೋಗಿ, ಕೆಲಸ ಮುಗಿದ ಮೇಲೆ ಹೊರಗೆ ಕ್ಲಿಕ್ ಮಾಡಿ ಬನ್ನಿ. ಪಾಯ ಮುಗಿಯಿತೇ, ಗ್ರೂಪ್. ಗೋಡೆ ಮುಗಿಯಿತೇ, ಗ್ರೂಪ್. ಚೆನ್ನಾಗಿ ಬರಲಿ, ಆಮೇಲೆ ಮಾಡೋಣ ಅಂತ ಕಾಯಬೇಡಿ.

ಗೋಡೆ, ಬಾಗಿಲು, ಕಿಟಕಿ

ಪಾಯದ ಮೇಲೆ ಮೂಲೆಯಿಂದ ಮೂಲೆಗೆ ಹೊಸ ಆಯತ ಬರೆಯಿರಿ. ಎಫ್ ಒತ್ತಿ ಒಳಗೆ 9" ಕೊಡಿ, ಹೊರಗೋಡೆಯ ದಪ್ಪ ಬಂತು. ಒಳಗೋಡೆಗಳನ್ನು ನಾಲ್ಕೂವರೆ ಇಂಚಿನ ಆಯತಗಳಾಗಿ ನೆಲದ ಮೇಲೆಯೇ ಬರೆದು ಮುಗಿಸಿ. ಜಾಗ ಗುರುತಿಸಲು ಟಿ ಒತ್ತಿ ಟೇಪು ಹಿಡಿಯಬಹುದು, ಮೇಸ್ತ್ರಿ ದಾರ ಕಟ್ಟಿದ ಹಾಗೆ ಚುಕ್ಕಿಗೆರೆ ಬೀಳುತ್ತದೆ. ಗೋಡೆ ಗೋಡೆ ಸೇರುವ ಕಡೆ ಅಡ್ಡ ಉಳಿದ ಗೆರೆಗಳನ್ನು ಇ ಒತ್ತಿ ಅಳಿಸಿ. ಈಗ ಎಲ್ಲ ಗೋಡೆಯೂ ಒಂದೇ ಮುಖ. ಒಮ್ಮೆ ಪಿ ಒತ್ತಿ 10' ಎಳೆದರೆ ಇಡೀ ಮನೆ ಎದ್ದು ನಿಲ್ಲುತ್ತದೆ. ಮೊದಲ ಸಲ ಇದನ್ನು ನೋಡಿದಾಗ ಆಗುವ ಖುಷಿಯೇ ಬೇರೆ.

ಗೋಡೆಗಳನ್ನು ಗ್ರೂಪ್ ಮಾಡಿ, ಒಳಗೆ ಹೋಗಿ. ನೆಲದಿಂದ 3 ಅಡಿ ಮೇಲೆ 4',4' ಆಯತ ಬರೆದರೆ ಕಿಟಕಿಯ ತಲೆ ಸರಿಯಾಗಿ 7 ಅಡಿಗೆ ಬರುತ್ತದೆ. ಬಾಗಿಲೂ 7 ಅಡಿ. ಹಾಗಾಗಿ ಲಿಂಟಲ್ ಎಲ್ಲ ಕಡೆ ಒಂದೇ ಮಟ್ಟ. ಆಯತವನ್ನು ಪಿ ಹಿಡಿದು ಗೋಡೆಯ ಆಚೆಬದಿ ಮುಟ್ಟುವವರೆಗೆ ತಳ್ಳಿ, ತೂತು ಬೀಳುತ್ತದೆ. ಬೀಳದಿದ್ದರೆ ಗೋಡೆಯ ದಪ್ಪಕ್ಕೂ ನೀವು ತಳ್ಳಿದ್ದಕ್ಕೂ ಕೂದಲಷ್ಟು ವ್ಯತ್ಯಾಸ ಇದೆ ಎಂದರ್ಥ.

ಕಿಟಕಿಯ ಚೌಕಟ್ಟನ್ನು ಮಾತ್ರ ಗ್ರೂಪ್ ಮಾಡಬೇಡಿ, ಜಿ ಒತ್ತಿ ಕಾಂಪೊನೆಂಟ್ ಮಾಡಿ. ಅದರ ನಕಲುಗಳೆಲ್ಲ ಅವಳಿ ಮಕ್ಕಳಿದ್ದ ಹಾಗೆ. ಒಂದಕ್ಕೆ ಸರಳು ಹಾಕಿದರೆ ಎಲ್ಲ ಕಿಟಕಿಗೂ ಬರುತ್ತದೆ.

ಮೆಟ್ಟಿಲಿನ ಲೆಕ್ಕ

ಮೆಟ್ಟಿಲು ಬರೆಯುವ ಮೊದಲು ಕಾಗದ ಪೆನ್ನು ಹಿಡಿಯಿರಿ. ಗೋಡೆ 10 ಅಡಿ, ಮೋಲ್ಡು ಮತ್ತು ಮೇಲಿನ ನೆಲ ಸೇರಿ 6 ಇಂಚು ಅಂದರೆ ಒಟ್ಟು 126 ಇಂಚು ಹತ್ತಬೇಕು. ಒಂದು ಮೆಟ್ಟಿಲ ಎತ್ತರ 7 ಇಂಚು ಇಟ್ಟರೆ 18 ಹೆಜ್ಜೆ. ಮಧ್ಯೆ ತಿರುವು ಕೊಟ್ಟರೆ 9 ಮತ್ತು 9. ಒಂಬತ್ತನೇ ಹೆಜ್ಜೆ ತಿರುವಿನ ಕಟ್ಟೆಯ ಮೇಲೇ ಬೀಳುವುದರಿಂದ ಬರೆಯಬೇಕಾದ ಮೆಟ್ಟಿಲು ಎಂಟೇ. ಕಾಲಿಡುವ ಅಗಲ 10 ಇಂಚು ಅಂದರೆ 80 ಇಂಚು, ಅಂದರೆ 6 ಅಡಿ 8 ಇಂಚು. ಕಟ್ಟೆಗೆ 3 ಅಡಿ ಸೇರಿಸಿ. ಮೆಟ್ಟಿಲಿಗೇ 9 ಅಡಿ 8 ಇಂಚು ಉದ್ದ ಹೋಯಿತು! ಹಾಲ್ ಚಿಕ್ಕದಾಯಿತು ಅಂತ ಕೊರಗುವ ಮುಂಚೆ ಈ ಅಂಕಿ ನೋಡಿಕೊಳ್ಳಿ.

ಬರೆಯುವುದು ಸುಲಭ. ಒಂದು ಮೆಟ್ಟಿಲು ಮಾಡಿ, ಕಾಂಪೊನೆಂಟ್ ಮಾಡಿ. ಎಂ ಒತ್ತಿ, ಕಂಟ್ರೋಲ್ ತಟ್ಟಿದರೆ ನಕಲು ಬರುತ್ತದೆ. ಆ ನಕಲನ್ನು ಮೊದಲನೆಯದರ ಹಿಂದೆ, ಮೇಲೆ ಕೂರಿಸಿ. ತಕ್ಷಣ ಎಕ್ಸ್ ಅಕ್ಷರ, ಅದರ ಮುಂದೆ 7 ಟೈಪ್ ಮಾಡಿ ಎಂಟರ್ ಒತ್ತಿ. ಎಂಟೂ ಮೆಟ್ಟಿಲು ತಯಾರು.

ಮೋಲ್ಡಿಗೆ ಜಾಸ್ತಿ ಹೇಳಬೇಕಿಲ್ಲ. ಗೋಡೆಗಳ ಮೇಲೆ ಒಂದು ಆಯತ, ಮೆಟ್ಟಿಲಿನ ಜಾಗ ಬಿಟ್ಟು 6 ಇಂಚು ಎತ್ತಿ ಬೇರೆ ಗ್ರೂಪ್ ಮಾಡಿ. ಮನೆಯೊಳಗೆ ಇಣುಕಬೇಕಾದಾಗ ಬಲ ಕ್ಲಿಕ್ ಮಾಡಿ ಹೈಡ್ ಅಂದರೆ ಡಬ್ಬಿ ಮುಚ್ಚಳ ತೆಗೆದ ಹಾಗೆ.

ಬಿಸಿಲು ಎಲ್ಲಿಂದ?

ಊರಿನ ಸ್ಥಳ ಗುರುತಿಸಿ ನೆರಳು ಆನ್ ಮಾಡಿ, ತಿಂಗಳ ಪಟ್ಟಿಯನ್ನು ಅತ್ತಿತ್ತ ಎಳೆಯಿರಿ. ಜೂನ್ ಮಧ್ಯಾಹ್ನ ನೆರಳು ದಕ್ಷಿಣಕ್ಕೆ ಬೀಳುವುದನ್ನು ಕಂಡು ತಂತ್ರಾಂಶ ಕೆಟ್ಟಿದೆ ಅಂದುಕೊಳ್ಳಬೇಡಿ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣಕ್ಕಿದೆ, ಆಗ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನದ ಬಿಸಿಲು ದಕ್ಷಿಣದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಒಂದೂವರೆ ಅಡಿ ಸಜ್ಜಾ ಹಾಕಿದರೆ ನಮ್ಮ 4 ಅಡಿ ಕಿಟಕಿಯ ಮೇಲಿನ ಅರ್ಧಕ್ಕೆ ನೆರಳು. ಆದರೆ ಪಶ್ಚಿಮದ ಕಿಟಕಿಗೆ ಸಂಜೆ ಐದಕ್ಕೆ ಇಟ್ಟು ನೋಡಿ, ಎಂಥ ಸಜ್ಜಾ ಇದ್ದರೂ ಬಿಸಿಲು ನೇರ ಒಳಗೆ. ಮಲಗುವ ಕೋಣೆ ಅಲ್ಲಿಟ್ಟಿದ್ದರೆ ಈಗಲೇ ಬದಲಿಸಿ, ಇನ್ನೂ ಒಂದು ಇಟ್ಟಿಗೆಯೂ ಬಂದಿಲ್ಲ.

ಕೊನೆಗೆ ಸಾಮಾನು. 3ಡಿ ವೇರ್‌ಹೌಸ್ ಎಂಬ ಸ್ಕೆಚ್‌ಅಪ್‌ನ ಆನ್‌ಲೈನ್ ಭಂಡಾರದಲ್ಲಿ ಜನ ಹಂಚಿಕೊಂಡಿರುವ ಮಂಚ, ಸೋಫಾ, ಸಿಂಕ್ ಎಲ್ಲ ಸಿಗುತ್ತವೆ. ಅಳತೆ ನಂಬಬೇಡಿ, ನಿಮ್ಮ ಮನೆಯಲ್ಲಿರುವುದನ್ನೇ ಟೇಪು ಹಿಡಿದು ಅಳೆದು ಹೊಂದಿಸಿ. ಫ್ರಿಜ್ ತಂದು ಅಡುಗೆಮನೆಯಲ್ಲಿಡಿ. ಆಮೇಲೆ ಬಾಗಿಲನ್ನು ಆರಿಸಿ, ಕ್ಯೂ ಒತ್ತಿ, ಕೀಲಿನ ಜಾಗದಲ್ಲಿ ಕ್ಲಿಕ್ ಮಾಡಿ 90 ಡಿಗ್ರಿ ತಿರುಗಿಸಿ. ಫ್ರಿಜ್‌ಗೆ ಬಡಿದರೆ ಒಂದು ಅಡಿ ಆಚೆ ಸರಿಸಿ. ನಾನು ಸರಿಸಬೇಕಿದ್ದದ್ದೂ ಅಷ್ಟೇ, ಒಂದು ಅಡಿ.