ವಿದೇಶದಲ್ಲಿ ಚಿಕಿತ್ಸೆ: ಮೊದಲು ಫೈಲ್, ಆಮೇಲೆ ಟಿಕೆಟ್

ಬೇರೆ ದೇಶದ ಆಸ್ಪತ್ರೆಗೆ ನಾನು ಮೊದಲು ಕಳಿಸುವುದು ಒಂದೇ ಪುಟದ ಸಾರಾಂಶ: ಕಾಯಿಲೆ ಏನು, ಯಾವಾಗ ಗೊತ್ತಾಯಿತು, ಈವರೆಗೆ ಏನೇನು ಚಿಕಿತ್ಸೆ ಆಗಿದೆ, ಯಾವ ಮಾತ್ರೆ ನಡೆಯುತ್ತಿದೆ, ಅಲರ್ಜಿ ಇದೆಯೇ. ಮಾತ್ರೆಯ ಬ್ರ್ಯಾಂಡ್ ಹೆಸರು ಅಲ್ಲಿನವರಿಗೆ ಗೊತ್ತಿರುವುದಿಲ್ಲ; ಜೆನೆರಿಕ್ ಹೆಸರು (ಒಳಗಿರುವ ಔಷಧದ ಹೆಸರು), ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಅಂತ ಬರೆಯಬೇಕು. ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ, ಏಕೆಂದರೆ 04/05 ಅಮೆರಿಕದಲ್ಲಿ ಏಪ್ರಿಲ್ 5, ಬ್ರಿಟನ್ನಿನಲ್ಲಿ ಮೇ 4. ರಕ್ತ ಪರೀಕ್ಷೆಯ ಅಂಕಿಯ ಪಕ್ಕ ಯೂನಿಟ್ ಇರಲೇಬೇಕು: ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಡೆಸಿಲೀಟರಿಗೆ 1 ಮಿಲಿಗ್ರಾಂ ಅಂದರೆ ಇನ್ನೊಂದು ಪದ್ಧತಿಯಲ್ಲಿ ಲೀಟರಿಗೆ 88 ಮೈಕ್ರೊಮೋಲ್.

ಹೆಚ್ಚಿನವರು ಎಡವುವುದು ಸ್ಕ್ಯಾನ್ ವಿಷಯದಲ್ಲಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುತ್ತಾರೆ. ಅದನ್ನು ನೋಡಿ ಯಾವ ಸರ್ಜನ್ನೂ ಖಚಿತವಾಗಿ ಮಾತಾಡಲಾರರು. ಸ್ಕ್ಯಾನ್ ಸೆಂಟರಿನಿಂದ ಡೈಕಾಮ್ ಫೈಲುಗಳನ್ನೇ, ಅಂದರೆ ಸ್ಕ್ಯಾನ್ ಯಂತ್ರದ ಮೂಲ ಡಿಜಿಟಲ್ ಚಿತ್ರಗಳನ್ನೇ, ಕೇಳಿ ಪಡೆಯಿರಿ. ಸಿಟಿ ಆದರೆ ಒಂದು ಮಿಲಿಮೀಟರ್ ಆಸುಪಾಸಿನ ತೆಳು ಸ್ಲೈಸುಗಳೂ (ದೇಹದ ಪದರಪದರದ ಚಿತ್ರಗಳು) ಬೇಕು. ಸಿ.ಡಿ.ಯಲ್ಲಿ ಎಷ್ಟೋ ಸಲ 5 ಮಿ.ಮೀ. ಸರಣಿ ಮಾತ್ರ ಇರುತ್ತದೆ, ತೆಳುವಾದದ್ದನ್ನು ಸೆಂಟರಿನವರು ಬಹುಕಾಲ ಇಟ್ಟಿರುವುದಿಲ್ಲ. ತಡಮಾಡಬೇಡಿ. ಇಡೀ ಫೋಲ್ಡರನ್ನು ಜಿಪ್ ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಆಮೇಲೆ ಲಿಂಕ್ ಕಳಿಸಿ. ಬಯಾಪ್ಸಿಯ ಸ್ಲೈಡು, ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಪ್ಯಾರಾಫಿನ್ ಬ್ಲಾಕು ಕೈಚೀಲದಲ್ಲೇ ಬರಲಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗುತ್ತದೆ.

ಆಸ್ಪತ್ರೆ ಕಳಿಸುವ ಖರ್ಚಿನ ಅಂದಾಜು ಪಟ್ಟಿಯಲ್ಲಿ ಒಟ್ಟು ಮೊತ್ತಕ್ಕಿಂತ ಅದರಲ್ಲಿ ಏನು ಸೇರಿಲ್ಲ ಎನ್ನುವುದೇ ಮುಖ್ಯ. ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ), ರಕ್ತ, ಪೆಥಾಲಜಿ ಸೇರಿವೆಯೇ, ಐಸಿಯುನಲ್ಲಿ ಒಂದು ದಿನ ಹೆಚ್ಚಾದರೆ ಎಷ್ಟು, ಉಳಿದ ಠೇವಣಿ ಯಾವ ಖಾತೆಗೆ ವಾಪಸ್ ಬರುತ್ತದೆ: ಇಷ್ಟಕ್ಕೂ ಲಿಖಿತ ಉತ್ತರ ಬರುವವರೆಗೆ ನಾನು ಹಣ ಹಾಕುವುದಿಲ್ಲ. ಹಾಕುವುದೂ ಆಸ್ಪತ್ರೆಯ ಖಾತೆಗೇ, ಏಜೆಂಟರದಕ್ಕಲ್ಲ. ವೀಸಾಕ್ಕಾಗಿ ಆಸ್ಪತ್ರೆ ಕೊಡುವ ಪತ್ರದಲ್ಲಿ ರೋಗಿಯ, ಜೊತೆಗಾರರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು.

ವಾಪಸ್ ಟಿಕೆಟ್ ದಿನಾಂಕ ಬದಲಾಯಿಸಲು ಬರುವಂಥದ್ದಿರಲಿ. ವಿಮಾನ ಮೇಲೇರಿ ಒಳಗಿನ ಒತ್ತಡ ಇಳಿದಾಗ ದೇಹದಲ್ಲಿ ಉಳಿದ ಗಾಳಿ ಹಿಗ್ಗಿ ಹೊಲಿಗೆಯನ್ನು ಜಗ್ಗುತ್ತದೆ. ಹೊಟ್ಟೆಯ ದೊಡ್ಡ ಆಪರೇಷನ್ ಆದರೆ ಸುಮಾರು 10 ದಿನ ಕಾಯಿಸುವುದು ಅದಕ್ಕೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಪ್ರಯಾಣಕ್ಕೆ ಯೋಗ್ಯರು ಎಂಬ ಪತ್ರವನ್ನು ಸರ್ಜನ್ ಕೈಯಿಂದಲೇ ಬರೆಸಿಕೊಳ್ಳಬೇಕು.

ಡಿಸ್ಚಾರ್ಜ್ ಸಾರಾಂಶ ಸಿಕ್ಕ ತಕ್ಷಣ ಹೊರಡುವವರೇ ಹೆಚ್ಚು. ಆಪರೇಷನ್ ನೋಟನ್ನೂ ಇಂಪ್ಲಾಂಟ್ ಡಬ್ಬಿಯ ಸ್ಟಿಕರನ್ನೂ ಬೇರೆಯಾಗಿ ಕೇಳಿ. ಮಾಡೆಲ್, ಲಾಟ್ ಸಂಖ್ಯೆ ಇರುವುದು ಆ ಸ್ಟಿಕರಿನಲ್ಲಿ. ಮುಂದೆ ಎಂಆರ್‌ಐ ಮಾಡುವವರು ಮೊದಲು ಕೇಳುವುದು ಅದನ್ನೇ.